ಉಗುರಿನಷ್ಟು ಮುಚ್ಚಳ

ಆಟೊಮ್ಯಾಟಿಕ್ ಕಾರು ಯಾರದ್ದೇ ಆಗಲಿ, ಒಳಗೆ ಕೂತ ಕೂಡಲೇ ನನ್ನ ಕಣ್ಣು ಹೋಗುವುದು ಗೇರ್ ಹಿಡಿಯ ಬುಡಕ್ಕೆ. ಪಿ, ಆರ್, ಎನ್, ಡಿ ಅಕ್ಷರಗಳು ಸಾಲಾಗಿ ನಿಂತಿರುತ್ತವಲ್ಲ, ಅವುಗಳ ಮಗ್ಗುಲಲ್ಲೇ, ಅದೇ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಒಂದು ಮುಚ್ಚಳ. ಹೆಬ್ಬೆರಳಿನ ಉಗುರಿಗಿಂತ ಹೆಚ್ಚೇನೂ ದೊಡ್ಡದಲ್ಲ. ಸುತ್ತ ಕೂದಲೆಳೆಯಷ್ಟು ಸಂದು, ಒಂದು ಅಂಚಿನಲ್ಲಿ ಸ್ಕ್ರೂಡ್ರೈವರಿನ ಮೂತಿ ಕೂರುವಷ್ಟು ಕಚ್ಚು. ಕೆಲವು ಕಾರುಗಳಲ್ಲಿ ಅದು ಚೌಕ, ಕೆಲವದರಲ್ಲಿ ಉದ್ದನೆಯ ಪಟ್ಟಿ, ಇನ್ನು ಕೆಲವದರಲ್ಲಿ ಕೀಲಿಯೇ ಒಳಗಿಳಿಯುವಂಥ ಸಣ್ಣ ಸೀಳು. ಹತ್ತು ವರ್ಷ ಕಾರು ಓಡಿಸಿದವರೂ ಅದನ್ನು ಗಮನಿಸಿರುವುದಿಲ್ಲ. ಗಮನಿಸಿದವರು ಯಾವುದೋ ಸ್ಕ್ರೂ ಕಾಣದಿರಲೆಂದು ಹಾಕಿದ ಬಿರಡೆ ಇರಬೇಕು ಅಂದುಕೊಂಡು ಸುಮ್ಮನಾಗಿರುತ್ತಾರೆ. ನನಗೆ ಮಾತ್ರ ಇಡೀ ಕಾರಿನಲ್ಲಿ ಅತ್ಯಂತ ಚೆಲುವಾದ ವಸ್ತು ಅದೇ.

ಅದರ ಪರಿಚಯವಾದದ್ದು ಒಂದು ಮಳೆಯ ರಾತ್ರಿ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಎದುರು, ಪೋರ್ಟಿಕೊದ ಎರಡು ಕಂಬಗಳ ನಡುವೆ, ನನ್ನ ಹಳೆಯ ಕಾರು ಹತ್ತು ದಿನದಿಂದ ನಿಂತಲ್ಲೇ ನಿಂತಿತ್ತು. ಮೂರನೇ ಮಹಡಿಯ ಅಜ್ಜನಿಗೆ ಎದೆನೋವು ಬಂತು. ಆಂಬುಲೆನ್ಸ್ ಗೇಟಿನೊಳಗೆ ಬಂದರೂ ಲಿಫ್ಟಿನವರೆಗೆ ಬರಲಾಗಲಿಲ್ಲ. ಸ್ಟ್ರೆಚರ್ ತೂರಿಸಲೂ ಕಾರಿಗೂ ಕಂಬಕ್ಕೂ ನಡುವೆ ಜಾಗವಿಲ್ಲ. ಓಡಿ ಬಂದು ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಮಿನುಗಲಿಲ್ಲ. ಬ್ಯಾಟರಿ ಪೂರ್ತಿ ಡೌನ್. ‘ನ್ಯೂಟ್ರಲ್‌ಗೆ ಹಾಕಿ ಸಾರ್, ತಳ್ಳಿಬಿಡೋಣ’ ಎಂದು ನಾಲ್ಕು ಜನ ಸೇರಿದರು. ಬ್ರೇಕ್ ತುಳಿದು ಹಿಡಿ ಎಳೆದೆ. ಪಿಯಿಂದ ಕದಲಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಬಂಡೆಗಲ್ಲಿನಲ್ಲಿ ನೆಟ್ಟ ಕೋಲನ್ನು ಎಳೆದ ಹಾಗಿತ್ತು. ಲಿಫ್ಟಿನ ಬಾಗಿಲು ತೆರೆಯಿತು. ಅಜ್ಜನ ಮಗಳು ಅವರ ಕೈ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

ಪಿಯಲ್ಲಿ, ಎಂದರೆ ಪಾರ್ಕಿನಲ್ಲಿ, ನಿಂತ ಕಾರು ಯಾಕೆ ಅಷ್ಟು ಗಟ್ಟಿ ಅಂದರೆ, ಎತ್ತಿನಗಾಡಿಯ ಗಾಲಿಯ ಕಡ್ಡಿಗಳ ನಡುವೆ ದೊಣ್ಣೆ ತೂರಿಸಿದ ಹಾಗೆ, ಅದರ ಗೇರ್‌ಬಾಕ್ಸಿನೊಳಗೂ ಒಂದು ಉಕ್ಕಿನ ಬೆರಳು ಹಲ್ಲುಚಕ್ರದ ಸಂದಿಗೆ ಬಿದ್ದಿರುತ್ತದೆ. ಪಾರ್ಕಿಂಗ್ ಪಾಲ್ ಎನ್ನುತ್ತಾರೆ ಅದಕ್ಕೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದು ತುದಿ ಕೀಲಿನ ಮೇಲೆ ತೂಗುತ್ತದೆ, ಇನ್ನೊಂದು ತುದಿಯಲ್ಲಿ ಒಂದೇ ಒಂದು ಹಲ್ಲು. ಚಕ್ರಗಳಿಗೆ ಬಲ ಹೋಗುವ ದಂಡದ ಮೇಲೆ ಕೂತ ಹಲ್ಲುಚಕ್ರಕ್ಕೆ ಆ ಹಲ್ಲು ಕಚ್ಚಿಕೊಂಡರೆ ಸಾವಿರ ಕಿಲೊಗೂ ಮಿಕ್ಕ ಕಾರು ಇಳಿಜಾರಿನಲ್ಲೂ ಅಲುಗಾಡದೆ ನಿಲ್ಲಬೇಕು. ಅಮೆರಿಕದ ನಿಯಮ ಇದನ್ನು ಅಳತೆ ಹಾಕಿ ಹೇಳಿದೆ: ಶೇಕಡಾ 10ರ ಇಳಿಜಾರಿನಲ್ಲಿ, ಪಾರ್ಕ್ ಬಲದ ಮೇಲೇ ನಿಂತ ಕಾರು 150 ಮಿಲಿಮೀಟರಿಗಿಂತ ಹೆಚ್ಚು ಜರುಗಬಾರದು. ಅಂದರೆ ಒಂದು ಗೇಣೂ ಅಲ್ಲ.

ಈ ಬೆರಳಿನ ನಡವಳಿಕೆ ಬಹಳ ನಾಜೂಕು. ನಾವು ಹಿಡಿಯನ್ನು ಪಿಗೆ ತಂದ ಕ್ಷಣದಲ್ಲಿ ಹಲ್ಲಿಗೆ ಸಂದಿಯೇ ಎದುರಾಗಬೇಕೆಂದಿಲ್ಲ, ಇನ್ನೊಂದು ಹಲ್ಲಿನ ನೆತ್ತಿಯೂ ಎದುರಾಗಬಹುದು. ಆಗ ಅದು ಒತ್ತಾಯ ಮಾಡುವುದಿಲ್ಲ. ಹಿಂದಿನ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದು ಕಾಯುತ್ತದೆ. ನಾವು ಬ್ರೇಕಿನಿಂದ ಕಾಲು ತೆಗೆದಾಗ ಕಾರು ಒಂದೆರಡು ಬೆರಳು ಸರಿದು ‘ಟಕ್’ ಎಂದು ನಿಲ್ಲುತ್ತದಲ್ಲ, ಅದು ಸಂದಿ ಸಿಕ್ಕಿದ ಸದ್ದು. ಓಡುತ್ತಿರುವ ಕಾರನ್ನು ಯಾರಾದರೂ ಕೈತಪ್ಪಿ ಪಿಗೆ ಎಳೆದರೆ ಇದೇ ಬೆರಳು ಒಳಗೆ ಇಳಿಯಲು ಒಪ್ಪುವುದಿಲ್ಲ. ಹಲ್ಲುಗಳ ಅಂಚುಗಳನ್ನು ಓರೆಯಾಗಿ ಕಡೆದಿರುವುದರಿಂದ ತಿರುಗುವ ಚಕ್ರ ಅದನ್ನು ಮೇಲಕ್ಕೆ ಒದೆಯುತ್ತಲೇ ಇರುತ್ತದೆ, ವೇಗ ನಡಿಗೆಯಷ್ಟಕ್ಕೆ ಇಳಿಯುವವರೆಗೂ. ಕಚ್ಚಬೇಕಾದಾಗ ಕಚ್ಚುವ, ಕಚ್ಚಬಾರದಾಗ ತಡವರಿಸುವ ಬುದ್ಧಿಯನ್ನು ಬರೀ ಅಂಚಿನ ಓರೆಯಲ್ಲಿ ಇಟ್ಟುಬಿಟ್ಟಿದ್ದಾರೆ. ಕಂಪ್ಯೂಟರ್ ಇಲ್ಲ, ತಂತಿ ಇಲ್ಲ. ಅರದಲ್ಲಿ ಉಜ್ಜಿದ ಒಂದು ಕೋನ.

ಈ ಬೆರಳಿನ ಬಳಗ ನಮಗೆ ಹೊಸದಲ್ಲ. ನಮ್ಮಪ್ಪನ ಮಣಿಕಟ್ಟಿನಲ್ಲಿ ಎಚ್‌ಎಂಟಿ ಜನತಾ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಅದೇ ಎಚ್‌ಎಂಟಿ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅದಕ್ಕೆ ಕೀ ಕೊಡುತ್ತಿದ್ದರು. ಕಿರ್ ಕಿರ್ ಕಿರ್. ಆ ಸದ್ದು ಸ್ಪ್ರಿಂಗಿನದೆಂದು ಬಹಳ ಕಾಲ ತಿಳಿದಿದ್ದೆ. ಅಲ್ಲ, ಅದು ಹಲ್ಲುಚಕ್ರದ ಮೇಲೆ ಒಂದು ಪುಟ್ಟ ಬೆರಳು ಹತ್ತಿ ಇಳಿಯುವ ಸದ್ದು. ಸುತ್ತಿದ್ದು ಬಿಚ್ಚಿಕೊಳ್ಳದ ಹಾಗೆ ಅದು ಹಿಡಿದುಕೊಂಡಿರುತ್ತದೆ. ಕಾರಿನ ಹ್ಯಾಂಡ್‌ಬ್ರೇಕ್ ಎಳೆದಾಗ ಬರುವ ಕರ್ ಕರ್ ಸದ್ದೂ ಅದರದ್ದೇ, ದನಿ ಮಾತ್ರ ದಪ್ಪ. ಹ್ಯಾಂಡ್‌ಬ್ರೇಕಿನ ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತೇವಲ್ಲ, ಆಗ ನಾವು ಮಾಡುವುದು ಆ ಬೆರಳನ್ನು ಹಲ್ಲಿನಿಂದ ಎಬ್ಬಿಸುವುದನ್ನು. ವಾಚಿನಲ್ಲಿ ಗುಂಜಿಗಿಂತ ಹಗುರ, ಗೇರ್‌ಬಾಕ್ಸಿನಲ್ಲಿ ಬೆರಳಿಗಿಂತ ದಪ್ಪ; ಕೆಲಸ ಒಂದೇ. ಇದನ್ನು ತಿಳಿದ ಮೇಲೆ ಕಾರು ನಿಲ್ಲಿಸುವಾಗಲೆಲ್ಲ ನನಗೆ ಅಪ್ಪನ ಬೆಳಗಿನ ಕಿರ್ ಕಿರ್ ಕೇಳಿಸುತ್ತದೆ.

ಬೆರಳನ್ನು ಎಬ್ಬಿಸುವುದು ಗೇರ್ ಹಿಡಿಯ ಕೆಲಸ. ಆದರೆ ಹಿಡಿಗೇ ಇನ್ನೊಂದು ಕಾವಲಿದೆ. ಬ್ರೇಕ್ ತುಳಿಯದೆ ಪಿಯಿಂದ ಹೊರಗೆ ಬಿಡದ ಕಾವಲು. ಅದರ ಹಿಂದೆ ಒಂದು ಕತೆ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಔಡಿ 5000 ಎಂಬ ಕಾರು ತನ್ನಷ್ಟಕ್ಕೆ ತಾನೇ ನುಗ್ಗುತ್ತದೆ ಎಂಬ ದೂರುಗಳು ಎದ್ದವು. 1986ರಲ್ಲಿ ಟಿವಿಯಲ್ಲೂ ದೊಡ್ಡ ಸುದ್ದಿಯಾಯಿತು. ಮರುವರ್ಷ ಕಂಪನಿ ಆ ಕಾರುಗಳನ್ನು ವಾಪಸು ಕರೆಸಿ ಈ ಕಾವಲನ್ನು ಕೂರಿಸಿಕೊಟ್ಟಿತು. 1989ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯ ವರದಿ ಬಂದಾಗ ತಿಳಿದದ್ದು, ಇಂಥ ಬಹುಪಾಲು ಪ್ರಸಂಗಗಳಲ್ಲಿ ಬ್ರೇಕ್ ಎಂದುಕೊಂಡು ಕಾಲು ಆಕ್ಸಿಲರೇಟರ್ ತುಳಿದಿತ್ತು ಎಂದು. ಕಾಲು ತಪ್ಪುವುದು ಮನುಷ್ಯ ಸಹಜ. ಅದಕ್ಕೆ ಬೈಯುವ ಬದಲು, ಹೊರಡುವ ಮುನ್ನವೇ ‘ಬಲಗಾಲು ಬ್ರೇಕಿನ ಮೇಲಿದೆಯಾ?’ ಎಂದು ಕೇಳಿ, ಹೌದು ಎಂದರೆ ಮಾತ್ರ ಬಾಗಿಲು ತೆರೆಯುವ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ತಾಯಿ ಮಗುವಿನ ಕೈ ಹಿಡಿದು ರಸ್ತೆ ದಾಟುವ ಮುಂಚೆ ಒಂದು ಕ್ಷಣ ತಡೆಯುವ ಹಾಗೆ. 2008ರಲ್ಲಿ ಸಹಿಯಾದ ಮಕ್ಕಳ ಸುರಕ್ಷತೆಯ ಕಾಯ್ದೆಯ ಪ್ರಕಾರ 2010ರ ಸೆಪ್ಟೆಂಬರಿನಿಂದ ತಯಾರಾಗಿ ಅಮೆರಿಕದಲ್ಲಿ ಮಾರಾಟವಾಗುವ ಆಟೊಮ್ಯಾಟಿಕ್ ಕಾರುಗಳಿಗೆ ಇದು ಕಡ್ಡಾಯವೂ ಆಯಿತು. ನಿಲ್ಲಿಸಿದ ಕಾರಿಗೆ ಹತ್ತಿ ಆಡುವ ಮಗುವಿನ ಕಾಲು ಬ್ರೇಕಿಗೆ ಎಟುಕುವುದಿಲ್ಲ ತಾನೆ.

ಕಾವಲುಗಾರ ಒಂದು ಸಾಲಿನಾಯ್ಡ್. ತಂತಿ ಸುತ್ತಿದ ಸುರುಳಿಯೊಳಗೆ ಒಂದು ಕಬ್ಬಿಣದ ಕಡ್ಡಿ. ಬ್ರೇಕ್ ಪೆಡಲಿನ ಬುಡದಲ್ಲಿ ಒಂದು ಸ್ವಿಚ್ ಇದೆ. ಕಾರಿನ ಹಿಂದೆ ಕೆಂಪು ದೀಪ ಹತ್ತಿಸುವ ಸ್ವಿಚ್ ಅದು. ಎಷ್ಟೋ ಕಾರುಗಳಲ್ಲಿ ಅದೇ ಸ್ವಿಚ್ಚಿನ ಸುದ್ದಿ ಈ ಸುರುಳಿಗೂ ಹೋಗುತ್ತದೆ. ಸುರುಳಿ ಕಡ್ಡಿಯನ್ನು ಸೆಳೆಯುತ್ತದೆ, ಅಗುಳಿ ಸರಿಯುತ್ತದೆ, ಹಿಡಿ ಬಿಡುಗಡೆಯಾಗುತ್ತದೆ. ಬ್ರೇಕ್ ತುಳಿದಾಗ ಗೇರ್ ಹಿಡಿಯ ಹತ್ತಿರ ಕಿವಿಯಿಟ್ಟರೆ ಸಣ್ಣಗೆ ‘ಟಿಕ್’ ಅನ್ನುವುದು ಕೇಳಿಸುತ್ತದೆ. ಹಿಂದೆ ಬರುವವನಿಗೆ ಬೆಳಕು, ಮುಂದೆ ಕೂತವನಿಗೆ ಅನುಮತಿ, ಎರಡೂ ಒಂದೇ ಕಾಲಿನ ಒತ್ತಿಗೆ. ಇದರಿಂದಲೇ ಒಂದು ಗುಟ್ಟೂ ತಿಳಿಯುತ್ತದೆ: ಕಾರಿನಲ್ಲಿ ಉಳಿದ ದೀಪಗಳೆಲ್ಲ ಉರಿಯುತ್ತಿದ್ದು, ಹಿಡಿ ಮಾತ್ರ ಪಿಯಲ್ಲೇ ಸಿಕ್ಕಿಬಿದ್ದಿದ್ದರೆ, ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿದು ನೋಡಬೇಕು. ಕೆಂಪು ದೀಪವೂ ಹತ್ತದಿದ್ದರೆ ರೋಗ ಆ ಸ್ವಿಚ್ಚಿನದೋ ಫ್ಯೂಸಿನದೋ ಆಗಿರುವ ಸಂಭವ ಹೆಚ್ಚು.

ಕರೆಂಟೇ ಇಲ್ಲದಿದ್ದರೆ ಕಾವಲುಗಾರ ಕಿವುಡ. ಎಷ್ಟು ತುಳಿದರೂ ಅವನಿಗೆ ಕೇಳಿಸದು. ಆ ರಾತ್ರಿ ನನ್ನ ಕಾರಿಗೆ ಆಗಿದ್ದೂ ಅದೇ.

ಈ ಕಾವಲನ್ನು ರೂಪಿಸಿದವರು ಇಂಥ ಒಂದು ರಾತ್ರಿಯನ್ನು ಮೊದಲೇ ಕಂಡಿದ್ದರು. ಬಾಗಿಲು ಭದ್ರ ಮಾಡಿ, ಬೀಗ ಜಡಿದು, ಆಮೇಲೆ ಕೂತು ಯೋಚಿಸಿದ್ದಾರೆ: ಬೀಗವೇ ಕೆಟ್ಟು, ಹೊರಗೆ ಯಾರೋ ನರಳುತ್ತಿದ್ದರೆ? ಹಾಗೆ ಯೋಚಿಸಿ ಬೀಗದ ಮಗ್ಗುಲಲ್ಲೇ ಒಂದು ಕಿಂಡಿ ಇಟ್ಟರು. ಅದರೊಳಗೆ ಏನನ್ನಾದರೂ ತೂರಿಸಿ ಒತ್ತಿದರೆ ಸಾಲಿನಾಯ್ಡ್ ಮಾಡಬೇಕಾದ ಕೆಲಸವನ್ನು ನಮ್ಮ ಕೈ ಮಾಡುತ್ತದೆ. ಬ್ಯಾಟರಿ ಬೇಡ. ಕಿಂಡಿಯ ಮೇಲೆ ಮುಚ್ಚಳ. ಈ ಮುಚ್ಚಳ ಹೇಗಿರಬೇಕೆಂದು ಅಮೆರಿಕದ ನಿಯಮದಲ್ಲೇ ಬರೆದಿದೆ ಎಂದು ತಿಳಿದಾಗ ನಾನು ನಿಜವಾಗಿ ರೋಮಾಂಚನಗೊಂಡೆ. ಒಂದೋ ಅಗುಳಿಯನ್ನು ಕಾರಿನ ಕೀಲಿಯಿಂದಲೇ ಸರಿಸುವಂತಿರಬೇಕು. ಇಲ್ಲವಾದರೆ ಮೇಲೆ ಪಾರದರ್ಶಕವಲ್ಲದ ಮುಚ್ಚಳ ಇರಬೇಕು, ಒಳಗಿರುವುದು ಕಣ್ಣಿಗೆ ಬೀಳಬಾರದು, ಸ್ಕ್ರೂಡ್ರೈವರ್ ಅಥವಾ ಅಂಥದೇ ಉಪಕರಣವಿಲ್ಲದೆ ಏಳಬಾರದು. ಮಗುವಿನ ಬೆರಳಿಗೆ ಸಿಗದಷ್ಟು ಗುಟ್ಟು, ಕಷ್ಟದಲ್ಲಿರುವ ದೊಡ್ಡವರಿಗೆ ಕ್ಷಣದಲ್ಲಿ ಸಿಗುವಷ್ಟು ಹತ್ತಿರ. ಸರ್ಕಾರದ ಕಾಗದದ ಭಾಷೆಯಲ್ಲಿ ಇಷ್ಟು ಕೋಮಲವಾದ ಯೋಚನೆಯನ್ನು ನಾನು ಬೇರೆಲ್ಲೂ ಓದಿಲ್ಲ.

ನನಗೆ ಆ ರಾತ್ರಿ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆಂಬುಲೆನ್ಸಿನ ಡ್ರೈವರಿಗೆ. ಮಳೆಯಲ್ಲೇ ಇಳಿದು ಬಂದು, ಕಿಟಕಿಯಲ್ಲಿ ತಲೆಯಿಟ್ಟು ಒಮ್ಮೆ ನೋಡಿ, ‘ಎಳೀಬೇಡಿ ಸಾರ್, ಮುರ್ದೋಯ್ತದೆ. ನೀವ್ ಇಳೀರಿ’ ಎಂದರು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, ‘ಮೊದ್ಲು ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂದೆ ಯಾರೂ ನಿಲ್ಬೇಡಿ.’

ಕಲ್ಲು ಕೊಡುವುದು. ನಮ್ಮ ಲಾರಿಯವರ, ಬಸ್ಸಿನವರ ಈ ಮಾತು ನನಗೆ ತುಂಬ ಇಷ್ಟ. ಕಲ್ಲು ಇಡುವುದಲ್ಲ, ಹಾಕುವುದಲ್ಲ, ಕೊಡುವುದು. ದಣಿದವನಿಗೆ ಹೆಗಲು ಕೊಟ್ಟ ಹಾಗೆ. ತೇರು ಎಳೆಯುವಾಗ ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ನಡೆಯುವವರನ್ನು ನೋಡಿದ್ದೇನೆ. ಸಾವಿರ ಜನ ಎಳೆಯುವ ಭಾರವನ್ನು ಆ ತುಂಡನ್ನು ಸಮಯಕ್ಕೆ ಸರಿಯಾಗಿ ಕೊಟ್ಟು ತಡೆಯುತ್ತಾರೆ, ತಿರುಗಿಸುತ್ತಾರೆ. ಹೂವಿನ ಕುಂಡದ ಪಕ್ಕದಿಂದ ವಾಚ್‌ಮನ್ ಎರಡು ಸೈಜುಗಲ್ಲು ತಂದು ಕೊಟ್ಟರು.

ಪೋರ್ಟಿಕೊ ನೆಲ ಮಳೆನೀರು ಹರಿಯಲೆಂದು ಗೇಟಿನ ಕಡೆ ಸ್ವಲ್ಪ ಇಳಿಜಾರು. ನಾನು ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಪಿಯಲ್ಲಿ ಬಿಟ್ಟು ಹೋಗಿದ್ದರಿಂದ ಹತ್ತು ದಿನವೂ ಕಾರಿನ ಭಾರವೆಲ್ಲ ಆ ಒಂಟಿ ಹಲ್ಲಿನ ಮೇಲೆ ವಾಲಿಕೊಂಡಿತ್ತು. ಅಗುಳಿ ತೆಗೆದರೂ ಹಲ್ಲು ಸುಲಭಕ್ಕೆ ಬಿಡುವುದಿಲ್ಲ. ಬಾಗಿಲಿಗೆ ಹತ್ತು ಜನ ಒರಗಿದ್ದರೆ ಚಿಲಕ ಸರಿಯದ ಹಾಗೆ. ಡ್ರೈವರಿಗೆ ಅದೂ ತಿಳಿದಿತ್ತು. ಕೀಯನ್ನು ಒಂದು ಹೆಜ್ಜೆ ತಿರುಗಿಸಿಟ್ಟು ಸ್ಟಿಯರಿಂಗ್ ಬೀಗ ಬಿಡಿಸಿದರು. ಬ್ರೇಕ್ ಮೇಲೆ ಕಾಲಿಟ್ಟರು. ಎಂಜಿನ್ ಓಡದಿದ್ದಾಗ ಒಂದೆರಡು ಒತ್ತಿಗೇ ಪೆಡಲ್ ಕಲ್ಲಾಗಿಬಿಡುತ್ತದೆ, ಮೈಭಾರ ಹಾಕಿ ತುಳಿಯಬೇಕು. ‘ಬಾಗ್ಲು ಕಂಬ ಹಿಡ್ಕೊಂಡು ಎರಡೂ ಕಡೆಯಿಂದ ಒಂದಿಂಚು ಹಿಂದಕ್ಕೆ ತಳ್ಳಿ. ಒಂದೇ ಇಂಚು.’ ನಾವು ತಳ್ಳಿದೆವು. ಎಲ್ಲೋ ಹೊಟ್ಟೆಯೊಳಗೆ ‘ಟಣ್’ ಎಂದಿತು. ಅವರು ಕೂಡಲೇ ಬ್ರೇಕ್ ತುಳಿದು ಹ್ಯಾಂಡ್‌ಬ್ರೇಕ್ ಎಳೆದರು. ಜೇಬಿನಿಂದ ಟೆಸ್ಟರ್ ತೆಗೆದರು, ಎಲೆಕ್ಟ್ರಿಷಿಯನ್‌ಗಳ ಜೇಬಿನಲ್ಲಿ ಇರುತ್ತದಲ್ಲ, ಹಳದಿ ಹಿಡಿಯದ್ದು, ಅದು. ಅದರ ಮೂತಿಯನ್ನು ಮುಚ್ಚಳದ ಕಚ್ಚಿಗೆ ಕೊಟ್ಟು ಮೀಟಿದರು. ಮುಚ್ಚಳ ಅವಲಕ್ಕಿಯ ಹಾಗೆ ಹಾರಿತು. ಕಿಂಡಿಗೆ ಟೆಸ್ಟರ್ ಇಳಿಸಿ ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ಹಿಡಿಯನ್ನು ತಂದರು. ಎಳೆಯಲಿಲ್ಲ, ತಂದರು. ಪಿ, ಆರ್, ಎನ್. ಬೆಣ್ಣೆಯಲ್ಲಿ ಕೂದಲು ಸರಿದ ಹಾಗೆ.

ಎನ್ ಅಕ್ಷರವನ್ನು ಅದಕ್ಕೆ ಮುಂಚೆ ನಾನು ಒಂದು ದಿನವೂ ಆದರದಿಂದ ನೋಡಿರಲಿಲ್ಲ. ಆರ್‌ಗೂ ಡಿಗೂ ನಡುವೆ ದಾಟಿ ಹೋಗುವ ಹೊಸ್ತಿಲು ಅಷ್ಟೇ ಅದು ನಮಗೆ. ಆ ಹೊಸ್ತಿಲು ಅಲ್ಲಿರುವುದೂ ತಾನಾಗಿ ಅಲ್ಲ. 1940ರ ಮಾಡೆಲಿನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಬಂದಾಗ ಪಿ ಎಂಬುದೇ ಇರಲಿಲ್ಲ. ಎಂಜಿನ್ ಆರಿಸಿ ರಿವರ್ಸಿಗೆ ಹಾಕಿದರೆ ಚಕ್ರ ಬಿಗಿಯುತ್ತಿತ್ತು, ಅದೇ ಪಾರ್ಕ್. ಮುಂದೆ ಹೋಗುವ ಗೇರಿನ ಪಕ್ಕದಲ್ಲೇ ಹಿಂದೆ ಹೋಗುವ ಗೇರು. ಕೈ ಒಂದು ಮನೆ ಹೆಚ್ಚು ಸರಿದರೆ ದಿಕ್ಕೇ ಬದಲು. ಒಂದೊಂದು ಕಂಪನಿಯದು ಒಂದೊಂದು ಕ್ರಮ. 1968ರಿಂದ ಅಮೆರಿಕದ ನಿಯಮ ಒಂದು ಮಾತು ಹೇಳಿತು: ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರಲೇಬೇಕು. ಅಂದಿನಿಂದ ಎನ್ ಆ ನಡುಮನೆಯಲ್ಲಿ ಕೂತಿದೆ. ಎಂಜಿನ್ ಬೇರೆ, ಚಕ್ರ ಬೇರೆ. ಬೆರಳಿನ ಹಿಡಿತವೂ ಇಲ್ಲ, ಎಳೆತವೂ ಇಲ್ಲ. ನೊಗ ಇಳಿಸಿದ ಗಾಡಿ ಅಂಗಳದಲ್ಲಿ ನಿಂತಿರುವಾಗ ಹುಡುಗರು ಮೂಕಿ ಹಿಡಿದು ಎತ್ತ ಬೇಕಾದರೂ ತಿರುಗಿಸುತ್ತಾರಲ್ಲ, ಆ ಹದ.

ಕಲ್ಲು ತೆಗೆದರು. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಇಳಿಯಿತು. ಅಷ್ಟು ಹೊತ್ತು ಬಂಡೆಯಾಗಿದ್ದ ಕಾರು ಉಸಿರು ಬಿಟ್ಟ ಹಾಗೆ ಸರಿಯಿತು. ಎಂಜಿನ್ ಸದ್ದಿಲ್ಲದೆ ಕಾರು ಚಲಿಸುವುದನ್ನು ಹತ್ತಿರದಿಂದ ಕೇಳಿದವರಿಗೆ ಗೊತ್ತು: ಒದ್ದೆ ನೆಲದ ಮೇಲೆ ಟೈರಿನ ಸಪ್ಪಳ ಬಾಳೆಲೆ ಬಿಡಿಸಿದ ಹಾಗಿರುತ್ತದೆ. ಭಾರವಾದ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಸುತ್ತಿ ಅವರು ಕಾರನ್ನು ಕಾಂಪೌಂಡ್ ಗೋಡೆಗೆ ಆನಿಸಿ ನಿಲ್ಲಿಸಿದರು. ಮತ್ತೆ ಹ್ಯಾಂಡ್‌ಬ್ರೇಕ್, ಮತ್ತೆ ಪಿ, ಮತ್ತೆ ಚಕ್ರಕ್ಕೆ ಕಲ್ಲು. ಆ ಅವಸರದಲ್ಲೂ ಒಂದು ಹೆಜ್ಜೆ ಬಿಡಲಿಲ್ಲ. ಅಷ್ಟರಲ್ಲಿ ಸ್ಟ್ರೆಚರ್ ಕಂಬಗಳ ನಡುವೆ ದಾಟಿ ಹೋಗಿತ್ತು. ಅಜ್ಜ ಹನ್ನೊಂದನೆಯ ದಿನ ಮನೆಗೆ ಬಂದರು.

ಅದು ಹತ್ತು ಹದಿನೈದು ಅಡಿಯ ಮಾತು. ಗೋಡೆಯ ಪಕ್ಕಕ್ಕೆ ತಳ್ಳುವುದಕ್ಕೆ ನ್ಯೂಟ್ರಲ್ ಸಾಕು. ದೂರ ಎಳೆದುಕೊಂಡು ಹೋಗುವುದಕ್ಕೆ ಸಾಲದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುವುದು ಸಾಮಾನ್ಯವಾಗಿ ಎಂಜಿನ್. ಎಂಜಿನ್ ನಿಂತು ಚಕ್ರ ಮಾತ್ರ ತಿರುಗುತ್ತಿದ್ದರೆ ಒಳಗಿನ ಹಲ್ಲುಗಳು ಎಣ್ಣೆಯಿಲ್ಲದೆ ಒಣಗಿ ಉಜ್ಜುತ್ತವೆ. ಮರುದಿನ ಟೋಯಿಂಗಿನವರು ಅದಕ್ಕೇ ಕಾರನ್ನು ಪೂರ್ತಿ ಲಾರಿಯ ಮೇಲೆ ಹತ್ತಿಸಿಕೊಂಡು ಹೋದರು.

ನಮ್ಮಲ್ಲಿ ಎಷ್ಟೋ ಜನ ಓಡಿಸುವ ಎಎಂಟಿ ಕಾರುಗಳಲ್ಲಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿಗೇ ಗೇರ್ ಬದಲಿಸುವ ಯಂತ್ರ ಜೋಡಿಸಿದ ಕಾರುಗಳಲ್ಲಿ, ಈ ಮುಚ್ಚಳ ಹುಡುಕಬೇಡಿ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದಿಂದ ಇಲ್ಲಿ ಮನೆಮಾತಾದ ಬಗೆ ಅದು. ಆ ಕಾರಿನಲ್ಲಿ ಪಿ ಎಂಬ ಮನೆಯೇ ಇಲ್ಲ, ಕಾವಲೂ ಇಲ್ಲ. ಇನ್ನು ಹೊಸ ಕಾಲದ ಎಷ್ಟೋ ಕಾರುಗಳಲ್ಲಿ ಹಿಡಿಗೂ ಗೇರ್‌ಬಾಕ್ಸಿಗೂ ನಡುವೆ ಕಂಬಿಯೇ ಇಲ್ಲ, ತಂತಿಯಲ್ಲಿ ಸುದ್ದಿ ಹೋಗುತ್ತದೆ. ಟೊಯೋಟಾ ಪ್ರಿಯಸ್ 2003ರ ಸುಮಾರಿಗೇ ಹೀಗಾಯಿತು, ಪಿ ಒಂದು ಬರೀ ಗುಂಡಿ. ಅಂಥ ಕಾರಿನ 12 ವೋಲ್ಟಿನ ಬ್ಯಾಟರಿ ಸತ್ತರೆ ಹೊರಗಿನಿಂದ ಕರೆಂಟ್ ಕೊಟ್ಟು ಎಬ್ಬಿಸಬೇಕು, ಇಲ್ಲವೆ ಚಕ್ರದಡಿ ಗಾಲಿಹಲಗೆ ತೂರಿಸಿ ಇಡೀ ಕಾರನ್ನು ಜಾರಿಸಬೇಕು. ಕೆಲವು ತಯಾರಕರು ಮಾತ್ರ ಲೋಟ ಇಡುವ ಗುಳಿಯ ಅಡಿಯಲ್ಲೋ ಕಾಲಿನ ಹತ್ತಿರದ ಮುಚ್ಚಳದ ಹಿಂದೆಯೋ ಒಂದು ಪಟ್ಟಿ ಅಡಗಿಸಿಟ್ಟಿರುತ್ತಾರೆ. ಎಳೆದರೆ ಒಳಗಿನ ಆ ಬೆರಳು ಏಳುತ್ತದೆ. ಹೊಸ ಹಿಡಿಗಳು ನೋಡಲು ಚೆಂದ, ಬಳೆಯ ಹಾಗೆ, ಶಂಖದ ಹಾಗೆ. ಆದರೆ ಕರೆಂಟಿಲ್ಲದ ಹೊತ್ತಿಗೆಂದು ಒಂದು ಪಟ್ಟಿ ಕಟ್ಟಿಟ್ಟವನ ಕಾರಿಗೇ ನನ್ನ ಓಟು. ನಿಮ್ಮ ಕಾರಿನಲ್ಲಿ ಮುಚ್ಚಳ ಎಲ್ಲಿದೆಯೆಂದು ಅದರ ಜೊತೆ ಬಂದ ಪುಸ್ತಕದಲ್ಲಿ ಚಿತ್ರವಿರುತ್ತದೆ. ಒಂದು ಭಾನುವಾರ, ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ತೆರೆದು ನೋಡಿ. ಒಳಗೆ ಬಿಳಿಯದೋ ಕೆಂಪಿನದೋ ಒಂದು ನಾಲಿಗೆ ಕಾಣಬಹುದು.

ಆ ಹಳೆಯ ಕಾರು ಇನ್ನೂ ನನ್ನ ಬಳಿಯೇ ಇದೆ. ಹೊಸ ಬ್ಯಾಟರಿ ಬಂತು. ಈಗ ನಿಲ್ಲಿಸುವಾಗ ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಬ್ರೇಕಿನಿಂದ ಕಾಲು ಸಡಿಲಿಸಿ ಕಾರಿನ ಭಾರ ಅದರ ಮೇಲೆ ಕೂತ ಮೇಲಷ್ಟೇ ಪಿ. ಆ ಬೆರಳಿನ ಮೇಲೆ ಭಾರ ಹೊರಿಸಲು ಮನಸ್ಸು ಬಾರದು. ಮುಚ್ಚಳವನ್ನು ಆ ರಾತ್ರಿ ಸೀಟಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿ ತೆಗೆದು ಅಂಗೈಯಲ್ಲಿಟ್ಟು ನೋಡಿದ್ದೆ. ಅಡಿಯಲ್ಲಿ ಎರಡು ಪುಟ್ಟ ಕಾಲು, ಕಡಲೆಬೇಳೆಯಷ್ಟು ತೂಕ. ಮತ್ತೆ ಒತ್ತಿದಾಗ ತನ್ನ ಜಾಗದಲ್ಲಿ ಕೂತಿತು. ಟೆಸ್ಟರ್ ಮೀಟಿದ ಅಂಚಿನಲ್ಲಿ ಬೆಳ್ಳಗೆ ಒಂದು ಗೀರು ಬಿದ್ದಿದೆ. ಸರ್ವಿಸಿಗೆ ಬಿಟ್ಟಾಗ ಅಲ್ಲಿನ ಹುಡುಗ ‘ಈ ಮುಚ್ಚಳ ಹೊಸದು ಹಾಕ್ಲಾ ಸಾರ್?’ ಎಂದು ಕೇಳಿದ. ಬೇಡಪ್ಪ, ಅದಿರಲಿ ಎಂದೆ.